ತಾಳೆಯಾಗದ ಸೆಕ್ಟರ್‌ಗಳು: ರೈಡ್ ಅರೇ ಬಗ್ಗೆ ಲಿನಕ್ಸ್ ಕರ್ನಲ್ ಕೊಡುವ ವರದಿಯನ್ನು ಓದುವುದು ಹೇಗೆ

ಹಲವು ಡಿಸ್ಕ್‌ಗಳನ್ನು ಸೇರಿಸಿ ಒಂದೇ ‘ಅರೇ’ ಮಾಡಿ, ಒಂದು ಡಿಸ್ಕ್ ಹೋದರೂ ಡೇಟಾ ಉಳಿಸುವ ವ್ಯವಸ್ಥೆ ರೈಡ್. ಲಿನಕ್ಸ್‌ನ ಸಾಫ್ಟ್‌ವೇರ್ ರೈಡ್‌ನಲ್ಲಿ ಡಿಸ್ಕ್ ಸತ್ತರೆ ಗೊತ್ತಾಗದೆ ಇರುವುದಿಲ್ಲ. ಮೇಲ್ ಬರುತ್ತದೆ, ಲಾಗ್‌ನಲ್ಲಿ ಎರರ್ ಸಾಲುಗಟ್ಟುತ್ತದೆ, ಅರೇಯ ಸ್ಥಿತಿ ತೋರಿಸುವ ಎಂಡಿಸ್ಟ್ಯಾಟ್ ಫೈಲ್‌ನಲ್ಲಿ ‘ಯು’ ಇರಬೇಕಾದ ಕಡೆ ಅಡ್ಡಗೆರೆ ಕಾಣುತ್ತದೆ. ತೊಂದರೆ ಇರುವುದು ಡಿಸ್ಕ್ ಬದುಕಿದ್ದೂ ತಪ್ಪು ಡೇಟಾ ಕೊಡುವಾಗ. ಒಂದೇ ಡೇಟಾದ ಪ್ರತಿಗಳನ್ನು ಇಡುವ ಮಿರರ್‌ನ (ರೈಡ್ 1) ಎರಡೂ ಡಿಸ್ಕ್ ಓದು ಅಂದರೆ ಓದುತ್ತವೆ, ಎರರ್ ಕೊಡುವುದಿಲ್ಲ, ಆದರೆ ಒಂದರಲ್ಲಿ ಇರುವುದು ಇನ್ನೊಂದರಲ್ಲಿ ಇಲ್ಲ. ರೈಡ್ 5ರಲ್ಲಾದರೆ ಡೇಟಾ ಮತ್ತು ಪ್ಯಾರಿಟಿಯ (ಕಳೆದುಹೋದ ಡೇಟಾ ಮರಳಿ ಪಡೆಯಲು ಜೊತೆಗೆ ಬರೆದಿಡುವ ಮೊತ್ತ) ಲೆಕ್ಕ ತಾಳೆಯಾಗುವುದಿಲ್ಲ. ಇದನ್ನು ಕರ್ನಲ್ ನಮಗೆ ತಿಳಿಸುವುದು ಮುಖ್ಯವಾಗಿ ಒಂದು ಅಂಕಿಯಲ್ಲಿ, ಅದೂ ಸದ್ದಿಲ್ಲದೆ. ಯಾವ ಡಿಸ್ಕ್ ತಪ್ಪು ಅಂತ ಹೇಳುವುದಿಲ್ಲ. ಮೇಲ್ ಕಳಿಸುವುದಿಲ್ಲ. ಮೆಷಿನ್ ರೀಬೂಟ್ ಆದರೆ ಆ ಅಂಕಿಯೂ ಹೋಗುತ್ತದೆ. ಹಾಗಾಗಿ ಅದನ್ನು ಹೊರಗೆ ತಂದು ದಾಖಲಿಸುವ ಕೆಲಸ, ‘ರಿಪೇರ್’ ಒತ್ತುವ ಮೊದಲು ಸಾಕ್ಷಿ ಉಳಿಸಿಕೊಳ್ಳುವ ಕೆಲಸ, ಎರಡೂ ಅರೇ ನೋಡಿಕೊಳ್ಳುವವರ ಮೇಲೆಯೇ ಬೀಳುತ್ತದೆ.

ಕಮಾಂಡ್ ಮತ್ತು ಫೈಲ್ ಹೆಸರುಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡ ಅಕ್ಷರದಲ್ಲೇ ಬರೆದಿದೆ. ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲೇ ಹಾಕಿಕೊಳ್ಳಿ. ಉದಾಹರಣೆಗಳಿಗೆಲ್ಲ ಅರೇ ಹೆಸರು ಎಂಡಿ0.

ಓದಲು ಆಗದ್ದು ಬೇರೆ, ತಾಳೆಯಾಗದ್ದು ಬೇರೆ

ಈ ಎರಡನ್ನು ಒಂದೇ ಅಂದುಕೊಳ್ಳುವವರೇ ಹೆಚ್ಚು. ಡಿಸ್ಕ್ ಒಂದು ಸೆಕ್ಟರ್ ಓದಲಾಗದೆ ಎರರ್ ಕೊಟ್ಟರೆ ರೈಡ್ ನಡೆಸುವ ಕರ್ನಲ್ ಭಾಗವಾದ ಎಂಡಿ ಡ್ರೈವರ್‌ಗೆ ದಾರಿ ಸ್ಪಷ್ಟ. ಉಳಿದ ಡಿಸ್ಕ್‌ಗಳಿಂದ ಸರಿಯಾದ ಡೇಟಾ ಲೆಕ್ಕ ಹಾಕಿ, ಅದೇ ಸೆಕ್ಟರ್‌ಗೆ ಮತ್ತೆ ಬರೆಯುತ್ತದೆ. ಡಿಸ್ಕ್ ಬೇಕಿದ್ದರೆ ಆ ಸೆಕ್ಟರನ್ನು ತನ್ನ ಮೀಸಲು ಜಾಗಕ್ಕೆ ಬದಲಿಸಿಕೊಳ್ಳುತ್ತದೆ. ಲಾಗ್‌ನಲ್ಲಿ ‘ರೀಡ್ ಎರರ್ ಕರೆಕ್ಟೆಡ್, 8 ಸೆಕ್ಟರ್ಸ್’ ಎಂದು ಜಾಗ, ಡಿಸ್ಕ್ ಹೆಸರು ಸಮೇತ ಸಾಲು ಬರುತ್ತದೆ. ಇಲ್ಲಿ ತಪ್ಪಿತಸ್ಥ ಯಾರೆಂದು ಗೊತ್ತು, ಏಕೆಂದರೆ ಡಿಸ್ಕ್ ತಾನೇ ಒಪ್ಪಿಕೊಂಡಿದೆ. ಮುಂದೆ ನೋಡಬೇಕಾದ್ದು ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಡುವ ಸ್ಮಾರ್ಟ್ ಪಟ್ಟಿಯ 5 ಮತ್ತು 197ನೇ ಸಾಲು, ಅಂದರೆ ಬದಲಾದ ಸೆಕ್ಟರ್‌ಗಳು ಮತ್ತು ಬದಲಾಗಲು ಕಾದಿರುವ ಸೆಕ್ಟರ್‌ಗಳು.

ತಾಳೆಯಾಗದಿರುವುದು ಇದಲ್ಲ. ಎಲ್ಲ ಡಿಸ್ಕ್‌ಗಳೂ ಯಶಸ್ವಿಯಾಗಿ ಓದಿಕೊಟ್ಟಿವೆ. ಕೊಟ್ಟದ್ದು ಮಾತ್ರ ಒಂದಕ್ಕೊಂದು ಹೊಂದುತ್ತಿಲ್ಲ. ಸ್ಮಾರ್ಟ್ ಪಟ್ಟಿ ಪೂರ್ತಿ ಶುಭ್ರವಾಗಿದ್ದೂ ಇದು ಆಗಬಹುದು. ರೈಡ್‌ನಲ್ಲಿ ಸಾಮಾನ್ಯ ಓದುವಿಕೆ ಇದನ್ನು ಎಂದೂ ಹಿಡಿಯುವುದಿಲ್ಲ ಎಂಬುದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ಮಿರರ್ ಆದರೆ ಯಾವುದೋ ಒಂದು ಪ್ರತಿಯನ್ನು ಓದಿ ಕೊಡುತ್ತದೆ, ರೈಡ್ 5 ಆದರೆ ಡೇಟಾ ಚಂಕ್ (ಒಂದು ಡಿಸ್ಕ್‌ಗೆ ಒಟ್ಟಿಗೆ ಹೋಗುವ ತುಂಡು) ಮಾತ್ರ ಓದುತ್ತದೆ. ಪ್ಯಾರಿಟಿಯನ್ನು ಓದಿ ಹೋಲಿಸುವುದು ಸ್ಕ್ರಬ್ ಮಾಡುವಾಗ, ಅಂದರೆ ಇಡೀ ಅರೇಯನ್ನು ಓದಿ ಪರೀಕ್ಷಿಸುವಾಗ ಮಾತ್ರ. ಹೀಗೆ ಹೊಂದದ ಸ್ಟ್ರೈಪ್ (ಎಲ್ಲ ಡಿಸ್ಕ್‌ಗಳಲ್ಲೂ ಒಂದೇ ಸಾಲಿಗೆ ಬರುವ ಚಂಕ್‌ಗಳ ಗುಂಪು) ವರ್ಷಗಟ್ಟಲೆ ಹಾಗೇ ಮಲಗಿರುತ್ತದೆ. ಒಂದು ದಿನ ಬೇರೊಂದು ಡಿಸ್ಕ್ ಸಾಯುತ್ತದೆ, ರೀಬಿಲ್ಡ್ ಶುರುವಾಗುತ್ತದೆ, ತಪ್ಪು ಪ್ಯಾರಿಟಿ ಹಿಡಿದು ಕರ್ನಲ್ ಹೊಸ ಡಿಸ್ಕ್‌ಗೆ ಕಸ ಬರೆಯುತ್ತದೆ. ಅದುವರೆಗೆ ಆ ಡೇಟಾ ಸರಿಯಾಗಿಯೇ ಇತ್ತು. ಪ್ಯಾರಿಟಿಯೊಂದೇ ಕೆಟ್ಟಿತ್ತು.

ಅಂಕಿ ಎಲ್ಲಿದೆ, ಏನು ಹೇಳುತ್ತದೆ

/ಸಿಸ್/ಬ್ಲಾಕ್/ಎಂಡಿ0/ಎಂಡಿ ಫೋಲ್ಡರ್‌ನಲ್ಲಿ ‘ಸಿಂಕ್_ಆ್ಯಕ್ಷನ್’ ಫೈಲ್ ಇದೆ. ಅದಕ್ಕೆ ‘ಚೆಕ್’ ಎಂದು ಬರೆದರೆ ಅರೇಯ ಪ್ರತಿ ಡಿಸ್ಕ್‌ನ ಪ್ರತಿ ಬ್ಲಾಕನ್ನೂ ಓದಿ ಹೋಲಿಸುತ್ತದೆ. ಹೊಂದದ್ದು ಸಿಕ್ಕರೆ ಎಣಿಸುತ್ತದೆ, ಮುಟ್ಟುವುದಿಲ್ಲ. ಓದುವಾಗ ಎರರ್ ಬಂದರೆ ಮಾತ್ರ ಮೇಲೆ ಹೇಳಿದಂತೆ ಸರಿಪಡಿಸುತ್ತದೆ. ಎಣಿಕೆ ಬೀಳುವುದು ಅದೇ ಫೋಲ್ಡರ್‌ನ ‘ಮಿಸ್‌ಮ್ಯಾಚ್_ಸಿಎನ್‌ಟಿ’ ಫೈಲ್‌ನಲ್ಲಿ.

ಈ ಎಣಿಕೆ 512 ಬೈಟ್‌ನ ಸೆಕ್ಟರ್‌ಗಳಲ್ಲಿ ಇರುತ್ತದೆ, ಆದರೆ ಎಷ್ಟು ಸೆಕ್ಟರ್ ಕೆಟ್ಟಿದೆ ಎನ್ನುವ ನಿಖರ ಲೆಕ್ಕ ಅಲ್ಲ. ಎಂಡಿ ಹೋಲಿಸುವುದು ದೊಡ್ಡ ತುಂಡುಗಳಲ್ಲಿ. ತುಂಡಿನಲ್ಲಿ ಒಂದೇ ಬಿಟ್ ಬೇರೆಯಾಗಿದ್ದರೂ ಇಡೀ ತುಂಡನ್ನು ಎಣಿಕೆಗೆ ಸೇರಿಸಿಬಿಡುತ್ತದೆ. ರೈಡ್ 1ರಲ್ಲಿ ತುಂಡು 64 ಕಿಲೋಬೈಟ್, ಹಾಗಾಗಿ ಅಂಕಿ 128, 256, 384 ಹೀಗೆ ಏರುತ್ತದೆ. ರೈಡ್ 5 ಮತ್ತು 6ರಲ್ಲಿ ನಮ್ಮ ಸಾಮಾನ್ಯ ಪಿಸಿ, ಸರ್ವರ್‌ಗಳ ಮೇಲೆ ತುಂಡು 4 ಕಿಲೋಬೈಟ್, ಅಂಕಿ 8ರ ಮಗ್ಗಿ. ಮಿರರ್‌ನಲ್ಲಿ 128 ಕಂಡರೆ ಗಾಬರಿಯಾಗಬೇಡಿ, ಒಂದೇ ಕಡೆ ವ್ಯತ್ಯಾಸ ಇದೆ ಅಂತ ಅರ್ಥ. ರೈಡ್ 5ರಲ್ಲಿ 128 ಅಂದರೆ 16 ಕಡೆ.

ಅಂಕಿಯನ್ನು ಓದುವ ಮೊದಲು ‘ಲಾಸ್ಟ್_ಸಿಂಕ್_ಆ್ಯಕ್ಷನ್’ ಫೈಲ್ ನೋಡಿ. ಕೊನೆಗೆ ನಡೆದದ್ದು ‘ಚೆಕ್’ ಅಲ್ಲದೆ ‘ರೀಸಿಂಕ್’ ಆಗಿದ್ದರೆ ಅಂಕಿಯ ಅರ್ಥ ಬೇರೆ. ಕರೆಂಟ್ ಹೋಗಿ ಮೆಷಿನ್ ಥಟ್ಟನೆ ನಿಂತ ಮೇಲೆ ಡಿಸ್ಕ್‌ಗಳನ್ನು ಮತ್ತೆ ಹೊಂದಿಸಲು ನಡೆಯುವ ರೀಸಿಂಕ್ ತಾನು ಸರಿಪಡಿಸಿದ್ದನ್ನೂ ಅಲ್ಲೇ ಎಣಿಸಬಹುದು. ಅರೇಯನ್ನು ‘ಅಸ್ಯೂಮ್ ಕ್ಲೀನ್’ ಆಯ್ಕೆ ಹಾಕಿ, ಅಂದರೆ ಮೊದಲ ಹೊಂದಿಸುವಿಕೆ ಬಿಟ್ಟು ಕಟ್ಟಿದ್ದರಂತೂ ಮೊದಲ ಚೆಕ್‌ನಲ್ಲಿ ಸಾಮಾನ್ಯವಾಗಿ ದೊಡ್ಡ ಅಂಕಿ ಬರುತ್ತದೆ, ಅದು ಸಹಜ.

ಪ್ರತಿ ಸಲ ಚೆಕ್ ಶುರುವಾದಾಗ ಎಣಿಕೆ ಸೊನ್ನೆಯಿಂದ ಆರಂಭ. ಇದರಿಂದ ಆಗುವ ಎಡವಟ್ಟು ಸಣ್ಣದಲ್ಲ. ಅರೇ ಕಟ್ಟಲು, ನೋಡಿಕೊಳ್ಳಲು ಬಳಸುವ ಎಂಡಿಅಡ್ಮಿನ್ ಟೂಲ್‌ನ ಈಗಿನ ಆವೃತ್ತಿಗಳ ಜೊತೆ ಬರುವ ಎಂಡಿಚೆಕ್ ಟೈಮರ್ ತಿಂಗಳ ಮೊದಲ ಭಾನುವಾರ ಶುರುವಾಗಿ, ಕೆಲವು ಗಂಟೆ ಓಡಿ, ಮುಗಿಯದಿದ್ದರೆ ಮರುದಿನ ರಾತ್ರಿ ನಿಲ್ಲಿಸಿದಲ್ಲಿಂದ ಮುಂದುವರಿಯುತ್ತದೆ. 4 ಟೆರಾಬೈಟ್ ಡಿಸ್ಕ್ ಸೆಕೆಂಡಿಗೆ 150 ಮೆಗಾಬೈಟ್ ಓದಿದರೂ ಏಳೂವರೆ ಗಂಟೆ ಹತ್ತಿರ ಬೇಕು; ಅರೇ ಬೇರೆ ಕೆಲಸದಲ್ಲಿದ್ದರೆ ಇನ್ನೂ ಜಾಸ್ತಿ. ದೊಡ್ಡ ಅರೇಯಲ್ಲಿ ಸ್ಕ್ರಬ್ ಎರಡು ಮೂರು ರಾತ್ರಿಗೆ ಹಂಚಿಹೋಗುತ್ತದೆ. ಮೊದಲ ರಾತ್ರಿ 8 ಸಿಕ್ಕಿ, ಎರಡನೇ ರಾತ್ರಿ ಏನೂ ಸಿಗದಿದ್ದರೆ, ಬುಧವಾರ ನೋಡುವವರಿಗೆ ಕಾಣುವುದು 0.

ಲಾಗ್‌ನ ಸಾಲು, ಅದರ ಮಿತಿ

ಚೆಕ್ ಶುರುವಾದಾಗ ‘ಡೇಟಾ-ಚೆಕ್ ಆಫ್ ರೈಡ್ ಅರೇ ಎಂಡಿ0’ ಎಂದೂ ಮುಗಿದಾಗ ‘ಡೇಟಾ-ಚೆಕ್ ಡನ್’ ಎಂದೂ ಕರ್ನಲ್ ಲಾಗ್‌ಗೆ ಬರುತ್ತದೆ. ಮುಗಿದ ಸಾಲಿನಲ್ಲಿ ಎಣಿಕೆ ಇರುವುದಿಲ್ಲ. ‘ಡನ್’ ನೋಡಿ ಎಲ್ಲ ಸರಿ ಇದೆ ಅಂದುಕೊಳ್ಳುವುದು ತಪ್ಪು, ಓದಿ ಮುಗಿಸಿದೆ ಎಂದಷ್ಟೇ ಅದರ ಅರ್ಥ.

ರೈಡ್ 5 ಮತ್ತು 6ಕ್ಕೆ ಇನ್ನೊಂದು ಸಾಲು ಇದೆ: ‘ಎಂಡಿ0: ಮಿಸ್‌ಮ್ಯಾಚ್ ಸೆಕ್ಟರ್ ಇನ್ ರೇಂಜ್ 7372816-7372824’. ಇದು ಬಂಗಾರದಂಥ ಸಾಲು, ಏಕೆಂದರೆ ಜಾಗ ಹೇಳುತ್ತದೆ. ಆದರೆ ಈ ಸಾಲಿಗೆ ಮಿತಿ ಕಟ್ಟಿದ್ದಾರೆ. ಕರ್ನಲ್‌ನ ಮಾಮೂಲು ಮಿತಿಯಂತೆ 5 ಸೆಕೆಂಡಿನಲ್ಲಿ 10 ಸಾಲು ಮಾತ್ರ, ಉಳಿದದ್ದು ‘ಕಾಲ್‌ಬ್ಯಾಕ್ಸ್ ಸಪ್ರೆಸ್ಡ್’ ಎಂದು ನುಂಗಿಹೋಗುತ್ತದೆ. ಹಾಗಾಗಿ ಲಾಗ್‌ನ ಸಾಲುಗಳನ್ನು ಎಣಿಸಿ 8ರಿಂದ ಗುಣಿಸಿ, ‘ಮಿಸ್‌ಮ್ಯಾಚ್_ಸಿಎನ್‌ಟಿ’ಗೆ ಹೋಲಿಸಿ. ಕಡಿಮೆ ಬಂದರೆ ಕೆಲವು ಜಾಗಗಳು ನಿಮಗೆ ಸಿಕ್ಕಿಲ್ಲ. ರೈಡ್ 1 ಮತ್ತು 10ಕ್ಕೆ ಈ ಸಾಲೇ ಇಲ್ಲ, ಎಣಿಕೆ ಒಂದೇ.

ಎಂಡಿಅಡ್ಮಿನ್‌ನ ಮಾನಿಟರ್ ಓಡುತ್ತಿದೆ, ಮೇಲ್ ವಿಳಾಸವೂ ಹಾಕಿದೆ, ಇನ್ನೇನು ಚಿಂತೆ ಅನ್ನುವವರಿಗೆ ಒಂದು ಮಾತು. ಮಾನಿಟರ್ ಮೇಲ್ ಕಳಿಸುವುದು ಡಿಸ್ಕ್ ಫೇಲ್ ಆದಾಗ, ಅರೇ ಡಿಗ್ರೇಡ್ ಆದಾಗ, ಸ್ಪೇರ್ ಕಾಣೆಯಾದಾಗ, ಮತ್ತೆ ಪರೀಕ್ಷೆಗೆಂದು ನೀವೇ ಕೇಳಿದಾಗ. ಸ್ಕ್ರಬ್ ಮುಗಿದಾಗ ‘ರೀಬಿಲ್ಡ್‌ಫಿನಿಶ್ಡ್’ ಎಂಬ ಘಟನೆ ಹುಟ್ಟುತ್ತದೆ, ಅದರ ಜೊತೆ ‘ಮಿಸ್‌ಮ್ಯಾಚಸ್ ಫೌಂಡ್’ ಎಂದು ಎಣಿಕೆಯೂ ಬರುತ್ತದೆ. ಆದರೆ ಅದು ಸಿಸ್‌ಲಾಗ್‌ಗೆ ಹೋಗುತ್ತದೆ, ಮೇಲ್‌ಗೆ ಹೋಗುವುದಿಲ್ಲ. ಎಂಡಿಸ್ಟ್ಯಾಟ್‌ನಲ್ಲಾಗಲಿ, ಎಂಡಿಅಡ್ಮಿನ್‌ನ ‘ಡೀಟೇಲ್’ನಲ್ಲಾಗಲಿ ಈ ಎಣಿಕೆ ಕಾಣಿಸುವುದಿಲ್ಲ.

ಇದಕ್ಕೆ ಮದ್ದು ಸುಲಭ. ಎಂಡಿಅಡ್ಮಿನ್ ಕಾನ್ಫಿಗ್ ಫೈಲ್‌ನಲ್ಲಿ ‘ಪ್ರೋಗ್ರಾಮ್’ ಎಂಬ ಸಾಲು ಹಾಕಿ ಒಂದು ಸಣ್ಣ ಶೆಲ್ ಸ್ಕ್ರಿಪ್ಟ್‌ನ ಹೆಸರು ಕೊಡಿ. ಪ್ರತಿ ಘಟನೆಗೂ ಮಾನಿಟರ್ ಆ ಸ್ಕ್ರಿಪ್ಟನ್ನು ಕರೆಯುತ್ತದೆ: ಮೊದಲ ಆರ್ಗ್ಯುಮೆಂಟ್ ಘಟನೆಯ ಹೆಸರು, ಎರಡನೆಯದು ಅರೇ, ಇದ್ದರೆ ಮೂರನೆಯದು ಹೆಚ್ಚುವರಿ ಮಾಹಿತಿ. ಘಟನೆ ‘ರೀಬಿಲ್ಡ್‌ಫಿನಿಶ್ಡ್’ ಆಗಿದ್ದರೆ ಸ್ಕ್ರಿಪ್ಟ್ ಮಾಡಬೇಕಾದ್ದು ಇಷ್ಟು: ‘ಮಿಸ್‌ಮ್ಯಾಚ್_ಸಿಎನ್‌ಟಿ’, ‘ಲಾಸ್ಟ್_ಸಿಂಕ್_ಆ್ಯಕ್ಷನ್’, ರೈಡ್ ಮಟ್ಟ, ತಾರೀಖು, ಇವನ್ನು ಒಂದು ಫೈಲ್‌ನ ಕೊನೆಗೆ ಸೇರಿಸುವುದು, ಆ ಅವಧಿಯ ಕರ್ನಲ್ ಲಾಗ್‌ನಿಂದ ‘ಮಿಸ್‌ಮ್ಯಾಚ್’ ಮತ್ತು ‘ರೀಡ್ ಎರರ್’ ಸಾಲುಗಳನ್ನು ಹೆಕ್ಕಿ ಜೊತೆಗಿಡುವುದು, ಎಣಿಕೆ ಸೊನ್ನೆ ಅಲ್ಲದಿದ್ದರೆ ಮೇಲ್ ಕಳಿಸುವುದು. ಆ ಫೈಲ್ ಅದೇ ಅರೇ ಮೇಲೆ ಇರಬಾರದು. ಎಣಿಕೆ ಮೆಮೊರಿಯಲ್ಲಷ್ಟೇ ಇರುತ್ತದೆ, ಡಿಸ್ಕ್ ಮೇಲೆ ಅರೇಯ ವಿವರ ಇರುವ ಸೂಪರ್‌ಬ್ಲಾಕ್‌ಗೆ ಬರೆಯುವುದಿಲ್ಲ. ಆದ್ದರಿಂದ ಭಾನುವಾರ ಸ್ಕ್ರಬ್ ಮುಗಿದು ಸೋಮವಾರ ಕರ್ನಲ್ ಅಪ್‌ಡೇಟ್‌ಗೆ ರೀಬೂಟ್ ಮಾಡಿದರೆ ಈ ಫೈಲ್ ಮತ್ತು ಲಾಗ್‌ನಲ್ಲಿ ಹೂತುಹೋದ ಸಾಲು ಬಿಟ್ಟು ಬೇರೆ ದಾಖಲೆ ಉಳಿಯುವುದಿಲ್ಲ.

ಮಿರರ್‌ನಲ್ಲಿ ಕಂಡದ್ದೆಲ್ಲ ಕೇಡಲ್ಲ

ರೈಡ್ 1 ಮತ್ತು 10ರಲ್ಲಿ ಹಾರ್ಡ್‌ವೇರ್ ಚೆನ್ನಾಗಿದ್ದೂ ಸೊನ್ನೆ ಅಲ್ಲದ ಎಣಿಕೆ ಬರುತ್ತದೆ. ಕಾರಣ, ಮೆಮೊರಿಯ ಒಂದೇ ಪುಟವನ್ನು ಎರಡು ಡಿಸ್ಕ್‌ಗೆ ಎರಡು ಸಲ ಕಳಿಸುವಾಗ ನಡುವೆ ಆ ಪುಟ ಬದಲಾಗಿಬಿಡಬಹುದು. ಮೆಮೊರಿ ಸಾಲದಾದಾಗ ಪುಟಗಳನ್ನು ಇಡುವ ಡಿಸ್ಕ್ ಜಾಗವಾದ ಸ್ವಾಪ್ ಇದಕ್ಕೆ ಹೆಸರುವಾಸಿ. ಪುಟವನ್ನು ಸ್ವಾಪ್‌ಗೆ ಬರೆಯುತ್ತಿರುವಾಗಲೇ ಪ್ರೋಗ್ರಾಂ ಆ ಪುಟವನ್ನು ತಿದ್ದಿದರೆ, ಕರ್ನಲ್ ‘ಈ ಬರಹ ಇನ್ನು ಬೇಡ’ ಎಂದು ಕೈಬಿಡುತ್ತದೆ. ಒಂದು ಡಿಸ್ಕ್‌ನಲ್ಲಿ ಹಳೆಯದು, ಇನ್ನೊಂದರಲ್ಲಿ ಹೊಸದು ಉಳಿಯುತ್ತದೆ. ಆ ಜಾಗವನ್ನು ಮತ್ತೆ ಯಾರೂ ಓದುವುದಿಲ್ಲವಾದ್ದರಿಂದ ನಷ್ಟವಿಲ್ಲ. ವರ್ಚುವಲ್ ಮೆಷಿನ್‌ಗಳು ಕ್ಯಾಶ್ ಬಳಸದೆ ಡೈರೆಕ್ಟ್ ಆಗಿ ಬರೆಯುವಾಗಲೂ ಹೀಗೇ ಆಗಬಹುದು. ಎಸ್‌ಎಸ್‌ಡಿಗಳಲ್ಲಿ ಟ್ರಿಮ್ ಮಾಡಿದ ಜಾಗವನ್ನು ಓದಿದರೆ ಎರಡು ಡಿಸ್ಕ್ ಎರಡು ಥರ ಉತ್ತರ ಕೊಡುವುದೂ ಇದೆ.

ಹಾಗೆಂದು ಮಿರರ್‌ನ ಎಣಿಕೆಯನ್ನು ಕಡೆಗಣಿಸುವ ಪಾಠ ಕಲಿಯಬಾರದು. ಸ್ವಾಪನ್ನು ಮಿರರ್‌ನಿಂದ ಬೇರೆ ಮಾಡಿ, ಬೇರೆಯದೇ ಸಣ್ಣ ಅರೇ ಮೇಲೆ ಇಡಿ. ಆಗ ಡೇಟಾ ಅರೇಯ ಎಣಿಕೆಗೆ ಅರ್ಥ ಬರುತ್ತದೆ. ಜಾಗ ಪತ್ತೆ ಮಾಡಬೇಕಿದ್ದರೆ, ಚೆಕ್ ಓಡುವಾಗ ಸೆಕೆಂಡಿಗೊಮ್ಮೆ ಎಂಡಿಸ್ಟ್ಯಾಟ್‌ನ ಆವರಣದೊಳಗಿನ ಅಂಕಿ ಮತ್ತು ‘ಮಿಸ್‌ಮ್ಯಾಚ್_ಸಿಎನ್‌ಟಿ’ ಎರಡನ್ನೂ ಒಂದೇ ಸಾಲಿಗೆ ಬರೆಯುತ್ತ ಹೋಗುವ ಲೂಪ್ ಸಾಕು. ಎಣಿಕೆ ಎಗರಿದ ಸೆಕೆಂಡಿನಲ್ಲಿ ಚೆಕ್ ಎಲ್ಲಿತ್ತು ಎಂದು ನೂರಿನ್ನೂರು ಮೆಗಾಬೈಟ್ ಅಂದಾಜಿನಲ್ಲಿ ಸಿಗುತ್ತದೆ. ಎಂಡಿಸ್ಟ್ಯಾಟ್‌ನ ಅಂಕಿ ಕಿಲೋಬೈಟ್‌ನಲ್ಲಿ ಇರುವುದರಿಂದ ಸೆಕ್ಟರ್ ಬೇಕಾದರೆ ಎರಡರಿಂದ ಗುಣಿಸಬೇಕು. ‘ಸಿಂಕ್_ಕಂಪ್ಲೀಟೆಡ್’ ಫೈಲ್ ಈ ಕೆಲಸಕ್ಕೆ ಬಾರದು, ಅದು ನಿಮಿಷಗಟ್ಟಲೆ ತಡೆದು ಬದಲಾಗುತ್ತದೆ.

ಒಂದು ಸಾಲಿನಿಂದ ಒಂದು ಫೈಲ್‌ವರೆಗೆ

ಈಗ ರೈಡ್ 5ರ ಆ ಸಾಲಿಗೆ ಮರಳೋಣ: 7372816-7372824. ನಾಲ್ಕು ಡಿಸ್ಕ್, ಚಂಕ್ 512 ಕಿಲೋಬೈಟ್, ಜೋಡಣೆ ಲೆಫ್ಟ್-ಸಿಮೆಟ್ರಿಕ್ ಎಂದಿಟ್ಟುಕೊಳ್ಳಿ. ಚಂಕ್, ಜೋಡಣೆ ಎರಡೂ ಎಂಡಿಅಡ್ಮಿನ್‌ನ ಮಾಮೂಲು ಆಯ್ಕೆಗಳು. ಅರೇ ಮೇಲೆ ನೇರವಾಗಿ ಇಎಕ್ಸ್‌ಟಿ4 ಫೈಲ್‌ಸಿಸ್ಟಂ, ಬ್ಲಾಕ್ 4 ಕಿಲೋಬೈಟ್.

ಹೆಚ್ಚಿನವರು ಎಡವುವುದು ಮೊದಲ ಹೆಜ್ಜೆಯಲ್ಲೇ. ಈ ಸೆಕ್ಟರ್ ನಂಬರ್ ಅರೇಯದ್ದಲ್ಲ, ಒಂದೊಂದು ಡಿಸ್ಕ್‌ನ ಡೇಟಾ ಭಾಗದೊಳಗಿನದ್ದು. ಚಂಕ್ ಅಂದರೆ 1024 ಸೆಕ್ಟರ್. 7372816ನ್ನು 1024ರಿಂದ ಭಾಗಿಸಿದರೆ 7200, ಶೇಷ 16. ಅಂದರೆ 7200ನೇ ಸ್ಟ್ರೈಪ್, ಚಂಕ್‌ನ ಒಳಗೆ 16ನೇ ಸೆಕ್ಟರ್. ಲೆಫ್ಟ್-ಸಿಮೆಟ್ರಿಕ್‌ನಲ್ಲಿ ಪ್ಯಾರಿಟಿ ಇರುವ ಸ್ಲಾಟ್ (ಅರೇಯಲ್ಲಿ ಡಿಸ್ಕ್‌ನ ಸ್ಥಾನ, 0ಯಿಂದ ಎಣಿಕೆ) ತಿಳಿಯಲು, ಸ್ಟ್ರೈಪ್ ನಂಬರನ್ನು ಡಿಸ್ಕ್‌ಗಳ ಸಂಖ್ಯೆಯಿಂದ ಭಾಗಿಸಿದ ಶೇಷವನ್ನು ಡೇಟಾ ಡಿಸ್ಕ್‌ಗಳ ಸಂಖ್ಯೆಯಿಂದ ಕಳೆಯಬೇಕು. 7200 ಭಾಗಿಸು 4, ಶೇಷ 0. ಮೂರರಿಂದ ಸೊನ್ನೆ ಕಳೆದರೆ 3. ಪ್ಯಾರಿಟಿ ಸ್ಲಾಟ್ 3ರಲ್ಲಿ, ಡೇಟಾ ಕ್ರಮವಾಗಿ ಸ್ಲಾಟ್ 0, 1, 2ರಲ್ಲಿ.

ಅರೇಯ ಕಡೆಯಿಂದ ನೋಡಿದರೆ ಈ ಸ್ಟ್ರೈಪ್ ಶುರುವಾಗುವುದು 7200 ಗುಣಿಸು 3 ಗುಣಿಸು 1024, ಅಂದರೆ 22118400ನೇ ಸೆಕ್ಟರ್‌ನಲ್ಲಿ. ಅದಕ್ಕೆ 16 ಸೇರಿಸಿದರೆ 22118416, ಇದು ಸ್ಲಾಟ್ 0ರ ಡೇಟಾ. ಇನ್ನೊಂದು ಚಂಕ್ ಸೇರಿಸಿದರೆ 22119440, ಇನ್ನೊಂದು ಸೇರಿಸಿದರೆ 22120464. ಎಂಟರಿಂದ ಭಾಗಿಸಿದರೆ ಇಎಕ್ಸ್‌ಟಿ4 ಬ್ಲಾಕ್ ನಂಬರ್ ಸಿಗುತ್ತದೆ: 2764802, 2764930, 2765058. ಈ ಮೂರನ್ನು ‘ಡಿಬಗ್‌ಎಫ್‌ಎಸ್’ನ ‘ಐಚೆಕ್’ಗೆ ಕೊಟ್ಟರೆ ಫೈಲ್‌ನ ಒಳಗುರುತಾದ ಐನೋಡ್ ನಂಬರ್, ಅದನ್ನು ‘ಎನ್‌ಚೆಕ್’ಗೆ ಕೊಟ್ಟರೆ ಫೈಲ್‌ನ ಹೆಸರು. ಮೂರೂ ಖಾಲಿ ಬ್ಲಾಕ್ ಎಂದು ಬಂದರೆ ಡೇಟಾ ನಷ್ಟವಿಲ್ಲ, ಕಾರಣ ಹುಡುಕುವ ಕೆಲಸ ಮಾತ್ರ ಬಾಕಿ. ನಡುವೆ ಎಲ್‌ವಿಎಂ ಅಥವಾ ಪಾರ್ಟಿಷನ್ ಇದ್ದರೆ ಅದರ ಆರಂಭದ ಸೆಕ್ಟರನ್ನು ಮೊದಲು ಕಳೆಯಬೇಕು.

ಇನ್ನು ಸಾಕ್ಷಿ. ಎಂಡಿಅಡ್ಮಿನ್‌ನ ‘ಎಕ್ಸಾಮಿನ್’ ಒಂದೊಂದು ಡಿಸ್ಕ್‌ಗೂ ‘ಡೇಟಾ ಆಫ್‌ಸೆಟ್’ ಎಷ್ಟೆಂದು ತೋರಿಸುತ್ತದೆ. ಅದು 264192 ಸೆಕ್ಟರ್ ಎಂದಾದರೆ, ಡಿಸ್ಕ್ ಮೇಲಿನ ನಿಜವಾದ ಜಾಗ 264192 ಕೂಡಿಸು 7372816, ಅಂದರೆ 7637008. 4096 ಬೈಟ್‌ನ ಬ್ಲಾಕ್‌ನಲ್ಲಿ ಹೇಳುವುದಾದರೆ 954626. ‘ಡಿಡಿ’ ಕಮಾಂಡ್‌ನಿಂದ ‘ಡೈರೆಕ್ಟ್’ ಆಯ್ಕೆಯೊಂದಿಗೆ ನಾಲ್ಕೂ ಡಿಸ್ಕ್‌ನಿಂದ ಆ ಒಂದು ಬ್ಲಾಕನ್ನು ನಾಲ್ಕು ಫೈಲ್‌ಗೆ ಎತ್ತಿಡಿ. ‘ಡೇಟಾ ಆಫ್‌ಸೆಟ್’ ಡಿಸ್ಕ್‌ನಿಂದ ಡಿಸ್ಕ್‌ಗೆ ಬೇರೆ ಇರಬಹುದು, ಆಮೇಲೆ ಸೇರಿಸಿದ ಡಿಸ್ಕ್ ಇದ್ದರೆ ಖಂಡಿತ ಒಮ್ಮೆ ನೋಡಿ. ಬೇರೆ ಯಾವ ಪ್ರೋಗ್ರಾಮೂ ಆಗ ಅಲ್ಲಿಗೆ ಬರೆಯುತ್ತಿರಬಾರದು.

ನಾಲ್ಕೂ ಬ್ಲಾಕ್‌ಗಳನ್ನು ಬೈಟ್‌ಗೆ ಬೈಟ್ ಎಕ್ಸ್‌ಆರ್ (ಎರಡು ಬಿಟ್ ಒಂದೇ ಇದ್ದರೆ 0, ಬೇರೆ ಇದ್ದರೆ 1 ಕೊಡುವ ಲೆಕ್ಕ) ಮಾಡಿ. ಪೈಥಾನ್‌ನಲ್ಲಿ ನಾಲ್ಕೈದು ಸಾಲಿನ ಕೆಲಸ. ಎಲ್ಲ ಸರಿ ಇದ್ದಿದ್ದರೆ 4096 ಸೊನ್ನೆ ಬರಬೇಕಿತ್ತು. ಬಂದ ಉಳಿಕೆ ಅಪರಾಧಿಯ ಬೆರಳಚ್ಚು ಇದ್ದಂತೆ. ಒಂದೇ ಒಂದು ಬಿಟ್ ಮೇಲೆದ್ದಿದ್ದರೆ ಮೊದಲ ಅನುಮಾನ ಮೆಮೊರಿಯ ಮೇಲೆ. ಇಸಿಸಿ (ತಪ್ಪು ಬಿಟ್ ಹಿಡಿದು ತಿದ್ದುವ ಸೌಲಭ್ಯ) ಇಲ್ಲದ ರ‍್ಯಾಮ್ ಆದರೆ ಮೆಮ್‌ಟೆಸ್ಟ್ ಒಂದು ರಾತ್ರಿ ಓಡಿಸಿ, ಇಸಿಸಿ ಇದ್ದರೆ ಕರ್ನಲ್ ಲಾಗ್‌ನಲ್ಲಿ ‘ಇಡ್ಯಾಕ್’ ಸಾಲುಗಳನ್ನು ಹುಡುಕಿ. 512 ಬೈಟ್ ಅಥವಾ 4096 ಬೈಟ್‌ನ ಗಡಿಗೆ ಸರಿಯಾಗಿ ಇಡೀ ತುಂಡು ಕಲಸಿಹೋಗಿದ್ದರೆ, ಡಿಸ್ಕ್ ‘ಬರೆದೆ’ ಎಂದು ಹೇಳಿ ಬರೆಯದೆ ಬಿಟ್ಟಿದೆ, ಅಥವಾ ಬೇರೆ ಕಡೆಗೆ ಹೋಗಬೇಕಾದ ಬರಹ ಇಲ್ಲಿ ಬಿದ್ದಿದೆ. ಸ್ವಲ್ಪ ಹಿಂದೆ ಕರೆಂಟ್ ಹೋಗಿದ್ದರೆ ಡೇಟಾ ಬರೆದು ಪ್ಯಾರಿಟಿ ಬರೆಯುವ ಮೊದಲೇ ನಿಂತ ‘ರೈಟ್ ಹೋಲ್’ ಎಂದೂ ಆಗಬಹುದು. ಆದರೆ ಆಗ ಬೂಟ್ ನಂತರದ ರೀಸಿಂಕ್ ಅದನ್ನು ಮುಚ್ಚಿರಬೇಕಿತ್ತು. ರೀಸಿಂಕ್ ಸರಿಯಾಗಿ ಮುಗಿದ ಮೇಲೂ ಬಂದಿದೆ ಎಂದರೆ ಡಿಸ್ಕ್‌ನ ರೈಟ್ ಕ್ಯಾಶ್ ಅಥವಾ ಕಂಟ್ರೋಲರ್ ಕಡೆಗೆ ತಿರುಗಿ.

ರೈಡ್ 5ರಲ್ಲಿ ಸಾಫ್ಟ್‌ವೇರ್‌ನಿಂದ ಇದು ಆಗುವಂತಿಲ್ಲ. ಮಿರರ್‌ನಲ್ಲಿ ಆಗುವ ಸ್ವಾಪ್‌ನ ತಾಪತ್ರಯ ಇಲ್ಲಿ ಇಲ್ಲ, ಏಕೆಂದರೆ ಎಂಡಿ ಡೇಟಾವನ್ನು ತನ್ನ ಸ್ಟ್ರೈಪ್ ಕ್ಯಾಶ್‌ಗೆ ನಕಲು ಮಾಡಿಕೊಂಡು ಅದರ ಮೇಲೆಯೇ ಪ್ಯಾರಿಟಿ ಲೆಕ್ಕ ಹಾಕುತ್ತದೆ. ಹಾಗಾಗಿ ಶುದ್ಧವಾಗಿ ಕಟ್ಟಿದ ರೈಡ್ 5, 6ರಲ್ಲಿ 8 ಎಂಬ ಸಣ್ಣ ಅಂಕಿಯೂ ಹಾರ್ಡ್‌ವೇರ್ ದೂರೇ. ಮಿರರ್‌ನ 12800ಕ್ಕಿಂತ ಇದರ ಬಗ್ಗೆಯೇ ಹೆಚ್ಚು ತಲೆ ಕೆಡಿಸಿಕೊಳ್ಳಬೇಕು.

ಯಾವ ಬ್ಲಾಕ್ ತಪ್ಪು ಎಂದು ತೀರ್ಮಾನಿಸಲು ಒಂದು ದಾರಿ ಇದೆ. ಸ್ಲಾಟ್ 0 ತಪ್ಪು ಎಂದುಕೊಂಡು ಉಳಿದ ಮೂರನ್ನು ಎಕ್ಸ್‌ಆರ್ ಮಾಡಿದರೆ ‘ಇದ್ದಿರಬೇಕಾದ’ ಬ್ಲಾಕ್ ಸಿಗುತ್ತದೆ. ಸ್ಲಾಟ್ 1, 2ಕ್ಕೂ ಹಾಗೇ ಮಾಡಿ. ಬ್ಯಾಕಪ್‌ನಲ್ಲಿರುವ ಅದೇ ಫೈಲ್‌ನ ಅದೇ ಭಾಗಕ್ಕೆ ಹೋಲಿಸಿ. ಮೂರೂ ಡೇಟಾ ಬ್ಲಾಕ್ ಇರುವಂತೆಯೇ ಬ್ಯಾಕಪ್‌ಗೆ ಹೊಂದಿದರೆ ಕೆಟ್ಟದ್ದು ಪ್ಯಾರಿಟಿ. ಲೆಕ್ಕ ಹಾಕಿ ತೆಗೆದ ಬ್ಲಾಕ್ ಹೊಂದಿದರೆ ಆ ಸ್ಲಾಟ್‌ನ ಡಿಸ್ಕ್ ತಪ್ಪು ಡೇಟಾ ಕೊಟ್ಟಿದೆ. ಬ್ಯಾಕಪ್ ಇಲ್ಲದವರಿಗೆ ಪ್ಯಾಕೇಜ್‌ನ ಫೈಲ್ ಆದರೆ ಆರ್‌ಪಿಎಂ ಅಥವಾ ಡೆಬ್‌ಸಮ್ಸ್, ಜಿಪ್ ಥರದ ಫೈಲ್ ಆದರೆ ಅದರೊಳಗಿನ ಚೆಕ್‌ಸಮ್ ನೆರವಿಗೆ ಬರುತ್ತದೆ.

‘ರಿಪೇರ್’ ಎಂಬ ಹೆಸರು

‘ಸಿಂಕ್_ಆ್ಯಕ್ಷನ್’ಗೆ ‘ರಿಪೇರ್’ ಎಂದು ಬರೆದರೆ ಎಂಡಿ ತಪ್ಪು ಹುಡುಕಿ ಸರಿ ಮಾಡುತ್ತದೆ ಎಂದೇ ಯಾರಿಗಾದರೂ ಅನಿಸುತ್ತದೆ. ಅದು ಮಾಡುವುದು ಬೇರೆ. ರೈಡ್ 5, 6ರಲ್ಲಿ ಡೇಟಾ ಸರಿ ಇದೆ ಎಂದು ನಂಬಿ ಪ್ಯಾರಿಟಿಯನ್ನು ಹೊಸದಾಗಿ ಬರೆಯುತ್ತದೆ. ರೈಡ್ 1, 10ರಲ್ಲಿ ಒಂದು ಪ್ರತಿಯನ್ನು ಆರಿಸಿ ಉಳಿದವುಗಳ ಮೇಲೆ ಹೇರುತ್ತದೆ. ಕೆಟ್ಟದ್ದು ಡೇಟಾ ಆಗಿದ್ದರೆ, ಅದನ್ನು ಮರಳಿ ಪಡೆಯಲು ಇದ್ದ ಒಂದೇ ದಾರಿಯಾದ ಹಳೆಯ ಪ್ಯಾರಿಟಿಯೂ ಅಳಿಸಿಹೋಯಿತು. ಆದ್ದರಿಂದ ಮೇಲಿನ ನಾಲ್ಕು ಬ್ಲಾಕ್ ಎತ್ತಿಡುವ ಮೊದಲು ರಿಪೇರ್‌ಗೆ ಕೈ ಹಾಕಲೇಬೇಡಿ. ಕ್ರಾನ್‌ನಲ್ಲಿ ಯಾರಾದರೂ ‘ಚೆಕ್’ ಬದಲು ‘ರಿಪೇರ್’ ಹಾಕಿದ್ದರೆ ಇವತ್ತೇ ಬದಲಿಸಿ.

ಫೈಲ್ ಸರಿಪಡಿಸಿದ ಮೇಲೆ ಆ ಒಂದು ಸ್ಟ್ರೈಪ್‌ಗೆ ಮಾತ್ರ ರಿಪೇರ್ ಓಡಿಸಬಹುದು. ‘ಸಿಂಕ್_ಮಿನ್’ಗೆ 7372800, ‘ಸಿಂಕ್_ಮ್ಯಾಕ್ಸ್’ಗೆ 7373824 ಬರೆಯಿರಿ. ಎರಡೂ ಚಂಕ್‌ನ ಗಡಿಗೆ ಹೊಂದುವ ಅಂಕಿಗಳು. ‘ಸಿಂಕ್_ಮ್ಯಾಕ್ಸ್’ ಗಡಿಗೆ ಹೊಂದದಿದ್ದರೆ ಕರ್ನಲ್ ಒಪ್ಪುವುದಿಲ್ಲ. ಆಮೇಲೆ ‘ರಿಪೇರ್’. ಗಡಿ ಮುಟ್ಟಿದ ಮೇಲೆ ಅದು ಮುಗಿಯುವುದಿಲ್ಲ, ಅಲ್ಲೇ ನಿಂತು ಕಾಯುತ್ತದೆ. ‘ಐಡಲ್’ ಬರೆದು ನಿಲ್ಲಿಸಿ, ‘ಸಿಂಕ್_ಮಿನ್’ಗೆ 0, ‘ಸಿಂಕ್_ಮ್ಯಾಕ್ಸ್’ಗೆ ‘ಮ್ಯಾಕ್ಸ್’ ಎಂದು ಮರಳಿ ಹಾಕಿ. ಇದನ್ನು ಮರೆತರೆ ಮುಂದಿನ ತಿಂಗಳ ಚೆಕ್ ಶುರುವಾಗುವುದು ಮಧ್ಯದಿಂದ. ಕೈಯಾರೆ ‘ಐಡಲ್’ ಬರೆದು ನಿಲ್ಲಿಸಿದ ಯಾವ ಚೆಕ್‌ಗೂ ಇದು ಅನ್ವಯ: ನಿಂತ ಜಾಗ ‘ಸಿಂಕ್_ಮಿನ್’ನಲ್ಲಿ ಉಳಿದುಕೊಂಡಿರುತ್ತದೆ.

ರೈಡ್ 6ರಲ್ಲಿ ಎರಡು ಪ್ಯಾರಿಟಿ ಇರುವುದರಿಂದ, ಒಂದೇ ಡಿಸ್ಕ್ ತಪ್ಪಿದ್ದರೆ ಅದು ಯಾವುದೆಂದು ಗಣಿತದಿಂದಲೇ ಹೇಳಬಹುದು. ಎಚ್. ಪೀಟರ್ ಆನ್ವಿನ್ ಇದರ ಲೆಕ್ಕವನ್ನು ಬಿಡಿಸಿ ಬರೆದಿದ್ದಾರೆ. ಕರ್ನಲ್ ಮಾತ್ರ ಅದನ್ನು ಬಳಸುವುದಿಲ್ಲ. ಎಂಡಿಯನ್ನು ಬಹುಕಾಲ ನೋಡಿಕೊಂಡ ನೀಲ್ ಬ್ರೌನ್ ಅವರ ನಿಲುವು, ಕಾರಣ ಗೊತ್ತಿಲ್ಲದೆ ಕರ್ನಲ್ ತಾನಾಗಿ ಡೇಟಾ ಬದಲಿಸಬಾರದು ಎಂಬುದು. ಇದು ಸರಿಯಾದ ನಿಲುವು. ಅಡುಗೆಮನೆಯಲ್ಲಿ ಎರಡು ಡಬ್ಬಿ ಅದಲುಬದಲಾದದ್ದು ಕಂಡರೆ ಕೇಳದೆ ಒಂದನ್ನು ಚೆಲ್ಲುವವರು ಯಾರೂ ಇಲ್ಲ. ಎಂಡಿಅಡ್ಮಿನ್ ಸೋರ್ಸ್ ಜೊತೆ ಬರುವ ‘ರೈಡ್6ಚೆಕ್’ ಆ ಗಣಿತವನ್ನು ಹೊರಗಿನಿಂದ ಮಾಡುತ್ತದೆ. ಅರೇ ಹೆಸರು, ಎಲ್ಲಿಂದ, ಎಷ್ಟು ಸ್ಟ್ರೈಪ್ ಎಂದು ಕೊಡಬೇಕು. ಕೊನೆಯದಕ್ಕೆ 0 ಕೊಟ್ಟರೆ ಅರೇಯ ಕೊನೆಯವರೆಗೆ. ಕರ್ನಲ್ ಲಾಗ್‌ನ ಸೆಕ್ಟರನ್ನು ಚಂಕ್‌ನಿಂದ ಭಾಗಿಸಿದ ಅಂಕಿಯನ್ನೇ ಇದಕ್ಕೆ ಕೊಡಬಹುದು. ಹತ್ತು ಕಡೆ ತಪ್ಪಿದ್ದು, ಹತ್ತಕ್ಕೆ ಹತ್ತೂ ಒಂದೇ ಸ್ಲಾಟ್ ತೋರಿಸಿದರೆ ಆ ಡಿಸ್ಕ್, ಅದರ ಕೇಬಲ್, ಅದರ ಪೋರ್ಟ್ ನೋಡಿ. ಸ್ಲಾಟ್‌ಗಳು ಚೆಲ್ಲಾಪಿಲ್ಲಿಯಾಗಿದ್ದರೆ ಎಲ್ಲ ಡಿಸ್ಕ್‌ಗೂ ಸಮಾನವಾದದ್ದು, ಅಂದರೆ ರ‍್ಯಾಮ್ ಅಥವಾ ಕಂಟ್ರೋಲರ್.

ಸುಳ್ಳನ್ನು ಎರರ್ ಆಗಿ ಬದಲಿಸುವುದು

ಹೊಸದಾಗಿ ಅರೇ ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇದೆ. 2017ರ ಕರ್ನಲ್ 4.12ರಿಂದ ‘ಡಿಎಂ-ಇಂಟೆಗ್ರಿಟಿ’ ಲಭ್ಯ. ಒಂದೊಂದು ಡಿಸ್ಕ್ ಮೇಲೂ ‘ಇಂಟೆಗ್ರಿಟಿಸೆಟಪ್’ನಿಂದ ಅದನ್ನು ಹಾಸಿ, ಅದರ ಮೇಲೆ ಎಂಡಿ ಅರೇ ಕಟ್ಟಬೇಕು. ಕ್ರಮ ತಿರುಗಿಸಿದರೆ ಪ್ರಯೋಜನವಿಲ್ಲ. ಪ್ರತಿ ಸೆಕ್ಟರ್‌ಗೂ ಚೆಕ್‌ಸಮ್ ಇರುವುದರಿಂದ ತಪ್ಪು ಡೇಟಾ ಬಂದ ಕೂಡಲೇ ‘ಚೆಕ್‌ಸಮ್ ಫೇಲ್ಡ್ ಅಟ್ ಸೆಕ್ಟರ್’ ಎಂದು ಡಿಸ್ಕ್ ಹೆಸರಿನೊಂದಿಗೆ ಲಾಗ್ ಬರುತ್ತದೆ, ಎಂಡಿಗೆ ರೀಡ್ ಎರರ್ ಹೋಗುತ್ತದೆ, ಎಂಡಿ ಬೇರೆ ಡಿಸ್ಕ್‌ನಿಂದ ಸರಿಯಾದದ್ದನ್ನು ತಂದು ಬರೆಯುತ್ತದೆ. ಸ್ಕ್ರಬ್‌ವರೆಗೆ ಕಾಯಬೇಕಿಲ್ಲ, ಸಾಮಾನ್ಯ ಓದುವಿಕೆಯಲ್ಲೇ ಸಿಕ್ಕಿಬೀಳುತ್ತದೆ. ಬೆಲೆಯೂ ಇದೆ: ಮಾಮೂಲಿ ಜರ್ನಲ್ ವಿಧಾನದಲ್ಲಿ ಪ್ರತಿ ಬರಹ ಎರಡು ಸಲ ಆಗುವುದರಿಂದ ಬರೆಯುವ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಜೆಡ್‌ಎಫ್‌ಎಸ್ ಮತ್ತು ಬಿಟಿಆರ್‌ಎಫ್‌ಎಸ್ ಇದೇ ಕೆಲಸವನ್ನು ಫೈಲ್‌ಸಿಸ್ಟಂ ಒಳಗೇ ಮಾಡುತ್ತವೆ. ಅಲ್ಲಿ ‘ಜೆಡ್‌ಪೂಲ್ ಸ್ಟೇಟಸ್’ನ ಚೆಕ್‌ಸಮ್ ಕಾಲಂ, ‘ಬಿಟಿಆರ್‌ಎಫ್‌ಎಸ್ ಡಿವೈಸ್ ಸ್ಟ್ಯಾಟ್ಸ್’ನ ಕರಪ್ಷನ್ ಎಣಿಕೆ ಡಿಸ್ಕ್‌ವಾರು ಸಿಗುತ್ತವೆ.

ರೈಟ್ ಹೋಲ್ ಒಂದಕ್ಕೆ ಮಾತ್ರ ಮದ್ದು ಬೇಕಿದ್ದರೆ ಕರ್ನಲ್ 4.4ರಿಂದ ಎಸ್‌ಎಸ್‌ಡಿ ಮೇಲಿನ ಜರ್ನಲ್, 4.12ರಿಂದ ರೈಡ್ 5ಕ್ಕೆ ಮಾತ್ರ ಪಿಪಿಎಲ್ (ಪಾರ್ಷಿಯಲ್ ಪ್ಯಾರಿಟಿ ಲಾಗ್) ಇವೆ. ಇವು ಮೌನವಾಗಿ ಕೆಟ್ಟ ಡೇಟಾವನ್ನು ಹಿಡಿಯುವುದಿಲ್ಲ.

ಮೇಲಿನದ್ದನ್ನೆಲ್ಲ ನಿಜವಾದ ಡೇಟಾ ಮೇಲೆ ಮೊದಲ ಸಲ ಮಾಡಬೇಡಿ. 200 ಮೆಗಾಬೈಟ್‌ನ ನಾಲ್ಕು ಫೈಲ್ ಮಾಡಿ ಲೂಪ್ ಡಿವೈಸ್‌ಗೆ ಕಟ್ಟಿ, ರೈಡ್ 5 ಕಟ್ಟಿ, ‘ಎಂಡಿಅಡ್ಮಿನ್ ವೇಟ್’ನಿಂದ ಮೊದಲ ರಿಕವರಿ ಮುಗಿಯುವವರೆಗೆ ಕಾಯಿರಿ. ಇಎಕ್ಸ್‌ಟಿ4 ಹಾಕಿ, ಹೆಚ್ಚೂಕಡಿಮೆ ತುಂಬುವಷ್ಟು ದೊಡ್ಡ ಒಂದು ಫೈಲ್ ಬರೆದು ಅದರ ಶಾ256 ಚೆಕ್‌ಸಮ್ ಗುರುತು ಹಾಕಿಕೊಳ್ಳಿ. ಅನ್‌ಮೌಂಟ್ ಮಾಡಿ, ಅರೇ ನಿಲ್ಲಿಸಿ, ಒಂದು ಲೂಪ್ ಡಿವೈಸ್‌ನ 25600ನೇ 4096 ಬೈಟ್ ಬ್ಲಾಕ್‌ಗೆ ‘ಯುರ‍್ಯಾಂಡಮ್’ನಿಂದ ಒಂದು ಬ್ಲಾಕ್ ಕಸ ಬರೆಯಿರಿ. ಅರೇ ಮತ್ತೆ ಜೋಡಿಸಿ ಚೆಕ್ ಓಡಿಸಿ. ಎಣಿಕೆ 8 ಬರುತ್ತದೆ, ಲಾಗ್‌ನಲ್ಲಿ ಸೆಕ್ಟರ್ ಸಾಲು ಬರುತ್ತದೆ, ಅದರ ಹಿಂದೆ ಲೆಕ್ಕ ಹಾಕುತ್ತ ಹೋಗಿ ನೀವು ಕಸ ಬರೆದ ಜಾಗಕ್ಕೆ ತಲುಪುತ್ತೀರೋ ನೋಡಿ. ಕಸ ಬಿದ್ದದ್ದು ಪ್ಯಾರಿಟಿ ಚಂಕ್ ಮೇಲಾದರೆ ಶಾ256 ಹಾಗೇ ಇರುತ್ತದೆ. ಆಗ ಇನ್ನೊಂದು ಲೂಪ್ ಡಿವೈಸ್ ಆರಿಸಿ ಮತ್ತೆ ಮಾಡಿ. ಡೇಟಾ ಮೇಲೆ ಬಿದ್ದಾಗ ರಿಪೇರ್ ಓಡಿಸಿ, ಮತ್ತೊಮ್ಮೆ ಚೆಕ್ ಓಡಿಸಿ. ಎಣಿಕೆ 0 ತೋರಿಸುತ್ತದೆ, ಲಾಗ್ ಶುಭ್ರ, ಅರೇ ಆರೋಗ್ಯವಾಗಿದೆ. ಫೈಲ್‌ನ ಶಾ256 ಮಾತ್ರ ನೀವು ಬರೆದಿಟ್ಟುಕೊಂಡದ್ದಕ್ಕೆ ತಾಳೆಯಾಗುವುದಿಲ್ಲ.